ಗ್ಲೆಂಡಾಳ ಕಾರಿನ ಪುಟ್ಟ ದೀಪಗಳು

ಆ ಕಾರನ್ನು ಗುಜರಿಗೆ ಹಾಕು ಎಂದು ಮೊದಲು ಹೇಳಿದವನು ನೆವಿಲ್ ಸೋವರ್ಬಿಯೇ. ಆ ಮಾತನ್ನು ಮರೆಯಲು ಅವನು ಮುಂದೆ ಎಷ್ಟೋ ಸಲ ನೋಡಿದ. ಆದರೆ ಅವನ ಹೆಂಡತಿ ಗ್ಲೆಂಡಾ ಮರೆಯಲಿಲ್ಲ.

ಗ್ಲೆಂಡಾಳ ಅಪ್ಪ ತೀರಿಕೊಂಡು ಆರು ವಾರವಾಗಿತ್ತು. ಗಂಡ ಹೆಂಡತಿ ಇಬ್ಬರೂ ಮುದುಕನ ಗ್ಯಾರೇಜಿನ ಬಾಗಿಲು ತೆಗೆದು ನಿಂತಿದ್ದರು. ಒಳಗೆ ಉಕ್ಕಿನ ಕೊಳವೆಗಳನ್ನು ಬೆಸೆದ ಒಂದು ಚೌಕಟ್ಟು, ನಾಲ್ಕು ಚಕ್ರ, ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು. ಕಿಟ್ ಕಾರು. ಬಿಡಿಭಾಗಗಳನ್ನು ಒಟ್ಟಿಗೆ ತರಿಸಿಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವ ಕಾರು. ಎರಡೇ ಸೀಟು, ಬಾಗಿಲಿಲ್ಲ, ತಲೆಯ ಮೇಲೆ ಸೂರಿಲ್ಲ, ಓಡುವುದು ನೆಲಕ್ಕೆ ಅಂಟಿಕೊಂಡಂತೆ. ಮುದುಕ ಕಲ್ಲುಗಣಿಯಲ್ಲಿ ಯಂತ್ರ ರಿಪೇರಿ ಮಾಡಿಕೊಂಡಿದ್ದವನು. ನಿವೃತ್ತನಾದ ಮೇಲೆ ಇದಕ್ಕೆ ಕೈ ಹಾಕಿ, ಅರ್ಧವೂ ಆಗುವ ಮೊದಲೇ ಹೋಗಿಬಿಟ್ಟಿದ್ದ.

"ಇದನ್ನ ಮುಗಿಸೋಣ್ವಾ ನೆವಿಲ್? ನೀನೂ ನಾನೂ?" ಎಂದಳು ಗ್ಲೆಂಡಾ.

"ತಲೆ ಕೆಟ್ಟಿದ್ಯಾ ನಿನಗೆ? ಗುಜರಿಯವನಿಗೆ ಫೋನ್ ಮಾಡು, ಬಂದು ಎತ್ಕೊಂಡು ಹೋಗ್ಲಿ."

ಅವಳು ಫೋನ್ ಮಾಡಲಿಲ್ಲ. ಮುಂದಿನ ವಾರ ಒಂದು ಬಾಡಿಗೆ ಲಾರಿ ಬಂದು ಎಲ್ಲವನ್ನೂ ನಮ್ಮೂರು ಹಾಥರ್‌ಬೆಕ್‌ನ ಅವರ ಮನೆಯ ಗ್ಯಾರೇಜಿನಲ್ಲಿ ಇಳಿಸಿತು. ನೆವಿಲ್‌ನ ಕಾರು ಅಂದಿನಿಂದ ಬೀದಿಯಲ್ಲಿ ನಿಲ್ಲತೊಡಗಿತು.

ನೆವಿಲ್ ಬಸ್ಸಿನ ಡ್ರೈವರ್. ಪಿಕರಿಂಗ್‌ನಿಂದ ಮೂರ್ ಎಂಬ ಕುರುಚಲು ಗಿಡಗಳ ಬಯಲು ಹಾದು ವಿಟ್‌ಬಿಯ ಕಡಲತಡಿಗೆ ಹೋಗುವ ಬಸ್ಸನ್ನು ಇಪ್ಪತ್ತೇಳು ವರ್ಷ ಓಡಿಸಿದವನು. ಅಗಲ ಭುಜ, ನರೆತ ಮೀಸೆ, ಮಾತು ಕಡಿಮೆ. ಗ್ಲೆಂಡಾ ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸುತ್ತಿದ್ದಳು. ಐವತ್ತೇಳನೆಯ ವಯಸ್ಸಿಗೆ ಅವಳು ಸ್ಪ್ಯಾನರು ಹಿಡಿದದ್ದನ್ನು ಕಂಡು ಊರಿನವರು ಮೊದಲು ನಕ್ಕರು, ಆಮೇಲೆ ಮೆಚ್ಚಿಕೊಂಡರು. ನಗುವುದನ್ನೂ ಮೆಚ್ಚುವುದನ್ನೂ ಮಾಡದೆ ಉಳಿದವನು ನೆವಿಲ್ ಒಬ್ಬನೇ. ಇದೆಲ್ಲ ಚಳಿಗಾಲ ಕಳೆಯುವಷ್ಟರಲ್ಲಿ ಮುಗಿಯುತ್ತದೆ ಎಂದು ಅವನು ಅಂದುಕೊಂಡಿದ್ದ.

ಮೂರು ಚಳಿಗಾಲ ಕಳೆದವು. ಮೊದಲನೆಯದು ಮುಗಿಯುವ ಹೊತ್ತಿಗೇ ಗ್ಲೆಂಡಾ ಕಿಟ್ ಕಾರು ಕಟ್ಟುವವರ ಒಂದು ಸಂಘಕ್ಕೆ ಸೇರಿದ್ದಳು. ಅಲ್ಲಿಂದ ಬಂದವನು ಎಮ್ಲಿನ್ ಪ್ರಾಬರ್ಟ್.

ಎಮ್ಲಿನ್ ವೇಲ್ಸ್‌ನವನು. ಸ್ಕಾರ್ಬರೋದಲ್ಲಿ ನಲವತ್ತು ವರ್ಷ ವಾಹನಗಳ ವೈರಿಂಗ್ ಕೆಲಸ ಮಾಡಿ ಬಿಟ್ಟಿದ್ದ. ಹೆಂಡತಿ ಈಗ ಇರಲಿಲ್ಲ, ಒಬ್ಬಳು ಮಗಳು ಬೇರೆ ಊರಿನಲ್ಲಿದ್ದಳು. ತೆಳ್ಳಗೆ, ಗಿಡ್ಡಗೆ, ಉಗುರುಗಳು ಡಾಕ್ಟರನ ಉಗುರಿನಷ್ಟು ಶುಭ್ರ. ಪ್ರತಿ ಶನಿವಾರ ಹತ್ತು ಗಂಟೆಗೆ ಅವನ ವ್ಯಾನು ಮನೆಯ ಮುಂದೆ ಬಂದು ನಿಲ್ಲುತ್ತಿತ್ತು. ಬಾಗಿಲಲ್ಲಿ ಕಾಲು ಒರೆಸಿಕೊಂಡೇ ಒಳಗೆ ಬರುತ್ತಿದ್ದ. ನೆವಿಲ್‌ಗೆ ಅವನ ಮೇಲೆ ಮೊದಲು ಹುಟ್ಟಿದ ಸಿಟ್ಟು ಇದಕ್ಕೇ. ಬೂಟುಗಾಲಲ್ಲಿ ಕೆಸರು ತುಳಿದುಕೊಂಡು ಬಂದಿದ್ದರೆ ಬೈಯಲು ಒಂದು ನೆಪವಾದರೂ ಸಿಗುತ್ತಿತ್ತು.

ಶುಕ್ರವಾರ ಸಂಜೆಗಳಲ್ಲಿ ಗ್ಲೆಂಡಾ ಶುಂಠಿ ಕೇಕು ಮಾಡತೊಡಗಿದಳು. ಶನಿವಾರ ಮಧ್ಯಾಹ್ನ ನೆವಿಲ್ ಡಬ್ಬದ ಮುಚ್ಚಳ ತೆಗೆದು ಎಷ್ಟು ತುಂಡು ಹೋಗಿದೆ ಎಂದು ನೋಡುತ್ತಿದ್ದ. ಅಡುಗೆಮನೆಯ ಕಿಟಕಿಯಿಂದ ಗ್ಯಾರೇಜಿನ ಅರ್ಧ ಬಾಗಿಲು ಕಾಣುತ್ತಿತ್ತು. ಒಳಗಿಂದ ಒಮ್ಮೊಮ್ಮೆ ಅವಳ ನಗು ಕೇಳಿಸುತ್ತಿತ್ತು. ಬಾಯಿ ಮುಚ್ಚಿಕೊಳ್ಳದೆ ನಗುವ ನಗು. ಮದುವೆಯಾದ ಹೊಸತರಲ್ಲಿ ಕೇಳಿದ್ದ ಆ ನಗು ಮತ್ತೆ ಕಿವಿಗೆ ಬಿದ್ದಾಗ ನೆವಿಲ್‌ನ ಕೈಯಲ್ಲಿದ್ದ ಟೀ ತಣ್ಣಗಾಗುತ್ತಿತ್ತು.

ಊಟಕ್ಕೆ ಕೂತರೂ ಅದೇ.

"ಎಮ್ಲಿನ್ ಹೇಳ್ತಾನೆ, ವೈರು ದಪ್ಪ ಇದ್ರೆ ಬೆಳಕು ಮಂಕಾಗಲ್ವಂತೆ."

"ಹೌದಾ."

"ಎಮ್ಲಿನ್‌ದು ಒಂದು ತರಹ ಕೈ ಕಣೋ. ಕತ್ತಲಲ್ಲೂ ಯಾವ ವೈರು ಯಾವ್ದು ಅಂತ ಮುಟ್ಟೇ ಹೇಳ್ತಾನೆ."

ಒಂದು ರಾತ್ರಿ ಊಟ ಮುಗಿಯುವುದರೊಳಗೆ ನೆವಿಲ್ ಆ ಹೆಸರನ್ನು ಹನ್ನೊಂದು ಸಲ ಎಣಿಸಿದ. ಎಣಿಸುತ್ತಿದ್ದೇನೆಂದು ಅವನಿಗೇ ನಾಚಿಕೆಯಾಯಿತು. ಆದರೂ ಮರುದಿನ ಮತ್ತೆ ಎಣಿಸಿದ.

ಅಕ್ಟೋಬರಿನಲ್ಲಿ ಕಾರು ಸರಕಾರದ ತಪಾಸಣೆಯಲ್ಲಿ ಪಾಸಾಗಿ ನಂಬರ್ ಪ್ಲೇಟ್ ಬಂತು. ಸಂಘದವರು ಪ್ರತಿ ವರ್ಷ ಡಿಸೆಂಬರಿನಲ್ಲಿ, ಹಗಲು ಅತಿ ಚಿಕ್ಕದಾಗಿರುವ ಭಾನುವಾರ, ಎಲ್ಲ ಕಾರುಗಳನ್ನು ಸಾಲಾಗಿ ಮೂರ್ ಬಯಲಿನ ಮೇಲೆ ವಿಟ್‌ಬಿಗೆ ಓಡಿಸುತ್ತಾರೆ. ಗ್ಲೆಂಡಾ ಹೆಸರು ಕೊಟ್ಟಳು. ಪಕ್ಕದ ಸೀಟಿನಲ್ಲಿ ದಾರಿ ಹೇಳಲು ಯಾರು ಎಂಬ ಖಾನೆಯಲ್ಲಿ ಎಮ್ಲಿನ್ ಎಂದು ಬರೆದಳು. ಆ ಕಾಗದ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಹಾಲು ತೆಗೆಯಲು ಹೋದಾಗಲೆಲ್ಲ ನೆವಿಲ್‌ಗೆ ಅದೇ ಕಾಣುತ್ತಿತ್ತು.

ಆ ಕಾರಿನಲ್ಲಿ ಅವನು ಒಂದೇ ಒಂದು ಸಲ ಕೂತಿದ್ದ, ಗ್ಯಾರೇಜಿನೊಳಗೇ. ಪಕ್ಕದವರ ಭುಜಕ್ಕೆ ಭುಜ ತಾಗದೆ ಅದರಲ್ಲಿ ಕೂರಲು ಸಾಧ್ಯವೇ ಇರಲಿಲ್ಲ. ಈಗ ಅದು ಅವನಿಗೆ ಮೇಲಿಂದ ಮೇಲೆ ನೆನಪಾಗುತ್ತಿತ್ತು.

ಓಟಕ್ಕೆ ಮೊದಲು ಆಗಬೇಕಿದ್ದದ್ದು ಒಂದೇ ಕೆಲಸ, ದೀಪ. ಕಾರಿನದೇ ಎರಡು ಹೆಡ್‌ಲೈಟು ಪೇಟೆಯ ಬೀದಿಗೆ ಸಾಕು. ಮೂರ್ ಬಯಲಿನ ರಸ್ತೆಯಲ್ಲಿ ಬೀದಿದೀಪವಿಲ್ಲ, ಬೇಲಿಯಿಲ್ಲ, ಕುರಿಗಳು ಎಲ್ಲೆಂದರಲ್ಲಿ ಮಲಗಿರುತ್ತವೆ. ಮೂರೂಮುಕ್ಕಾಲಿಗೆಲ್ಲ ಸೂರ್ಯ ಮುಳುಗುವ ಕಾಲ. ಹೆಚ್ಚುವರಿಯಾಗಿ ಒಂದು ಜೊತೆ ದೀಪ ಬೇಕೇ ಬೇಕಿತ್ತು.

ನವೆಂಬರಿನ ಒಂದು ಶನಿವಾರ ನೆವಿಲ್ ಏಣಿ ಹುಡುಕುವ ನೆಪದಲ್ಲಿ ಗ್ಯಾರೇಜಿಗೆ ಹೋದ. ಎಮ್ಲಿನ್ ಕಾರಿನ ಮೂತಿಯ ಮುಂದೆ ಮಂಡಿಯೂರಿ ಕೂತಿದ್ದ. ಗ್ಲೆಂಡಾ ಅವನ ಪಕ್ಕದಲ್ಲಿ, ಅವಳೂ ಮಂಡಿಯೂರಿ.

"ದೊಡ್ಡದು ಬೇಡ್ವೇ ಬೇಡ. ಮೂತಿ ನೋಡು, ಎಷ್ಟು ಕಿರಿದು," ಎನ್ನುತ್ತಿದ್ದ ಎಮ್ಲಿನ್. "ಊಟದ ತಟ್ಟೆಯಷ್ಟು ದೀಪ ಕೂರಿಸಿದ್ರೆ ರೇಡಿಯೇಟರ್‌ಗೆ ಗಾಳಿ ಹೋಗಲ್ಲ. ಈ ತೆಳು ಪಟ್ಟಿ ಭಾರಕ್ಕೆ ನಡುಗತ್ತೆ ಬೇರೆ. ದೀಪ ನಡುಗಿದ್ರೆ ರಸ್ತೆನೇ ನಡುಗಿದ ಹಾಗೆ ಕಾಣತ್ತೆ."

"ಟೀ ಕಪ್ಪಿನ ಬಾಯಷ್ಟು ಇದ್ರೆ ಆಯ್ತಲ್ವಾ?" ಗ್ಲೆಂಡಾ ಬೆರಳುಗಳಲ್ಲಿ ಅಳತೆ ತೋರಿಸಿದಳು.

"ಅಷ್ಟೇ ಸಾಕು. ದೂರ ಹೋಗೋ ಬೆಳಕು ಬೇಕೋ, ಅಗಲಕ್ಕೆ ಹರಡೋದು ಬೇಕೋ, ಅದನ್ನ ನೀನು ನಿರ್ಧಾರ ಮಾಡು. ಓಡಿಸೋಳು ನೀನು."

ನೆವಿಲ್ ಏಣಿಗೆ ಕೈ ಹಾಕಿ ನಿಂತ. "ನನ್ನ ಬಸ್ಸಿಗೆ ಇರೋದು ಎರಡೇ ದೀಪ. ಇಪ್ಪತ್ತೇಳು ವರ್ಷದಲ್ಲಿ ಒಂದು ಕುರಿ ಸತ್ತಿಲ್ಲ."

"ಬಸ್ಸಲ್ಲಿ ನೀನು ಅಟ್ಟದ ಮೇಲೆ ಕೂತ ಹಾಗೆ ಕೂತಿರ್ತೀಯ ಕಣೋ," ಎಂದಳು ಗ್ಲೆಂಡಾ. "ಇದರಲ್ಲಿ ಕುರಿ ಕಣ್ಣೂ ನನ್ನ ಕಣ್ಣೂ ಒಂದೇ ಎತ್ತರ."

ಎಮ್ಲಿನ್ ನಕ್ಕ. ಕೆಟ್ಟ ನಗುವಲ್ಲ. ಆದರೂ ಅದು ನೆವಿಲ್‌ಗೆ ನಾಟಿತು.

"ಬ್ರೈಟ್ ಹಾಕಿದಾಗ ಮಾತ್ರ ಈ ದೀಪ ಹತ್ತಬೇಕು, ಡಿಪ್ ಮಾಡಿದ ತಕ್ಷಣ ಆರಬೇಕು ನೆವಿಲ್, ಅದು ಕಾನೂನು..." ಎಂದು ಎಮ್ಲಿನ್ ವಿವರಿಸಲು ಹೊರಟ.

"ಬ್ರೈಟು ಡಿಪ್ಪು ನನಗೆ ಹೇಳಿಕೊಡಬೇಕಾಗಿಲ್ಲ ನೀವು." ಎಮ್ಲಿನ್ ಅವನನ್ನು ಹೆಸರು ಹಿಡಿದು ನೀನು ಎನ್ನುತ್ತಿದ್ದ. ನೆವಿಲ್ ಮಾತ್ರ ನೀವು ಬಿಡುತ್ತಿರಲಿಲ್ಲ. ಅದು ಮರ್ಯಾದೆಯಲ್ಲ ಎಂದು ಮೂವರಿಗೂ ಗೊತ್ತಿತ್ತು.

ಸೋಮವಾರ ಅವನಿಗೆ ರಜೆ. ಮೋಟಾರ್ ಸಾಮಾನಿನ ಅಂಗಡಿಗೆ ಹೋಗಿ, ಸಣ್ಣ ದೀಪಗಳಲ್ಲಿ ಎಲ್ಲಕ್ಕಿಂತ ದೂರಕ್ಕೆ ಬೆಳಕು ಬಿಡುವುದು ಯಾವುದು ಎಂದು ಕೇಳಿದ. ಅಂಗಡಿಯವನು ಒಂದು ಜೊತೆ ಕೊಟ್ಟ. ಕಪ್ಪು ಕವಚ, ಟೀ ಕಪ್ಪಿನ ಬಾಯಷ್ಟೇ ಗಾತ್ರ, ಕೈಯಲ್ಲಿ ಹಿಡಿದರೆ ಗಟ್ಟಿ. ಅರ್ಧ ಮೈಲಿ ಹೋಗುತ್ತದೆ ಎಂದ. ನೆವಿಲ್ ಯಾವ ರಸ್ತೆ, ಯಾವ ಕಾರು ಎಂದು ಒಂದು ಮಾತೂ ಆಡಲಿಲ್ಲ. ಅವನಿಗೆ ಬೇಕಿದ್ದದ್ದು ಎಮ್ಲಿನ್‌ನದಕ್ಕಿಂತ ದೂರ ಹೋಗುವ ದೀಪ.

ಸಂಜೆ ಪೆಟ್ಟಿಗೆಯನ್ನು ಗ್ಲೆಂಡಾಳ ತಟ್ಟೆಯ ಪಕ್ಕ ಇಟ್ಟ. ಅವಳು ತೆರೆದು ನೋಡಿದಳು. ಮುಖ ಒಂದು ಕ್ಷಣ ಅರಳಿತು.

"ನೀನೇ ಹೋಗಿ ತಂದ್ಯಾ? ಚೆನ್ನಾಗಿದೆ ಕಣೋ. ಶನಿವಾರ ಎಮ್ಲಿನ್‌ಗೆ ತೋರಿಸ್ತೀನಿ, ಏನು ಹೇಳ್ತಾನೋ."

ನೆವಿಲ್ ಎದ್ದು ಹೋಗಿ ಟಿವಿ ಮುಂದೆ ಕೂತ.

ಶನಿವಾರ ಎಮ್ಲಿನ್ ತನ್ನ ರಟ್ಟಿನ ಪೆಟ್ಟಿಗೆಯಿಂದ ಇನ್ನೆರಡು ಜೊತೆ ತಂದ. ಒಂದು ಹಳೆಯ ಕಾಲದ ಹಳದಿ ಗಾಜಿನದು, ಮಂಜಿಗೆ ಒಳ್ಳೆಯದು, ಆದರೆ ಕರೆಂಟು ಹೆಚ್ಚು ಕುಡಿಯುತ್ತದೆ. ಇನ್ನೊಂದು ಮೂರರಲ್ಲೇ ಚಿಕ್ಕದು, ಎಲ್‌ಇಡಿ, ನೋಡಲು ಆಟಿಕೆಯ ಹಾಗೆ. ಬೆಳಕು ಎಡಬಲಕ್ಕೆ ಹರಡುವಂಥದ್ದು. ಮೂರನ್ನೂ ಮೂರ್ ಬಯಲಿಗೇ ಒಯ್ದು ನೋಡುವುದೆಂದು ಗ್ಲೆಂಡಾ ತೀರ್ಮಾನಿಸಿದಳು. ಗ್ಯಾರೇಜಿನ ಗೋಡೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿದ್ದವು.

"ನಾಳೆ ನಾಲ್ಕು ಗಂಟೆಗೆ ಹೋಗ್ತಿದ್ದೀವಿ. ಬಾರೋ ನೀನೂ. ಆ ರಸ್ತೆ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದಳು.

"ಅಲ್ಲಿ ನನಗೇನು ಕೆಲಸ? ನಿಮ್ಮಿಬ್ಬರ ಮಧ್ಯೆ ಕೂರೋಕೆ ಮೂರನೇ ಸೀಟಿಲ್ವಲ್ಲ."

ಗ್ಲೆಂಡಾ ಪಾತ್ರೆ ತೊಳೆಯಲು ತಿರುಗಿದಳು.

ಭಾನುವಾರ ಮೂರು ಗಂಟೆಗೆ, ಮಲಗುತ್ತೇನೆ ಎಂದು ಹೇಳಿದ್ದವನು ಹಿಂಬಾಗಿಲಿನಿಂದ ಹೊರಗೆ ಹೋಗಿ ಕಾರು ಹತ್ತಿದ. ಅವರು ಹೋಗುವ ಜಾಗ ಅವನಿಗೆ ಗೊತ್ತಿತ್ತು. ಹಳೆಯ ಕಲ್ಲುಗಣಿ ದಾಟಿದ ಮೇಲೆ ರಸ್ತೆ ಒಂದು ಮೈಲಿ ನೇರವಾಗಿ ಹೋಗುತ್ತದೆ. ಗಣಿಯೊಳಕ್ಕೆ ಕಾರು ನುಗ್ಗಿಸಿ, ಎಂಜಿನ್ ಆರಿಸಿ, ರೇಡಿಯೋದಲ್ಲಿ ಫುಟ್‌ಬಾಲ್ ಕಾಮೆಂಟರಿ ಕೇಳುತ್ತ, ಬಿಸಿಗಾಳಿಯ ಫ್ಯಾನು ಹಾಕಿಕೊಂಡು ಕಾದ. ನಾಲ್ಕು ಗಂಟೆಗೆ ಕಿಟ್ ಕಾರಿನ ಸದ್ದು, ಅದರ ಹಿಂದೆ ವ್ಯಾನಿನ ಸದ್ದು ಕೇಳಿಸಿತು. ಇಳಿದು, ಕುರುಚಲು ಗಿಡಗಳ ನಡುವೆ ಬಗ್ಗಿಕೊಂಡು ನಡೆದು, ಬೇಟೆಗಾರರು ಹಕ್ಕಿ ಹೊಡೆಯಲು ಅಡಗಿ ಕೂರುವ ಒಂದು ಕಲ್ಲಿನ ಮರೆಗೆ ಹೋಗಿ ನಿಂತ. ರಸ್ತೆಯಿಂದ ಹದಿನೈದು ಹೆಜ್ಜೆ ದೂರ. ಐವತ್ತೊಂಬತ್ತು ವರ್ಷದ ಗಂಡಸು, ಕಳ್ಳನ ಹಾಗೆ.

ಎಮ್ಲಿನ್ ರಸ್ತೆಯ ಎರಡೂ ಬದಿಗೆ ಗೂಟ ನೆಟ್ಟು ಬಿಳಿ ಬಟ್ಟೆ ಕಟ್ಟಿದ. ಮೊದಲು ನೆವಿಲ್ ತಂದ ದೀಪಗಳನ್ನು ಹಾಕಿದರು. ಗ್ಲೆಂಡಾ ದೂರದಿಂದ ಕಾರು ಓಡಿಸಿಕೊಂಡು ಬಂದಳು. ಬೆಳಕು ಈಟಿಯ ಹಾಗೆ ರಸ್ತೆಯ ನಡುವೆ ನುಗ್ಗಿ, ಅರ್ಧ ಮೈಲಿ ಆಚೆಯ ಫಲಕಕ್ಕೆ ಹೋಗಿ ಬಡಿಯಿತು. ನೆವಿಲ್‌ನ ಎದೆ ಉಬ್ಬಿತು. ನೋಡಲಿ, ಈಗ ನೋಡಲಿ ಎಂದುಕೊಂಡ. ಚೆನ್ನಾಗಿ ಕಾಣಲೆಂದು ಮರೆಯಿಂದ ಎರಡು ಹೆಜ್ಜೆ ಮುಂದೆ ಬಂದ. ಕಾರು ಅವನ ಮುಂದೆಯೇ ಹಾದುಹೋಯಿತು. ಗ್ಲೆಂಡಾ ಅವನನ್ನು ನೋಡಲಿಲ್ಲ. ಅವನು ನಿಂತಿದ್ದ ಜಾಗ ಮೊದಲಿಗಿಂತಲೂ ಕತ್ತಲಾಗಿತ್ತು.

ಹಳದಿ ದೀಪಗಳ ಸರದಿಯಲ್ಲೂ ಅವನು ಕಾಣಲಿಲ್ಲ. ರಸ್ತೆಯ ಅಂಚಿನವರೆಗೆ ಬಂದ ಬೆಳಕು ಅಲ್ಲಿಗೇ ನಿಂತಿತು.

ಆಮೇಲೆ ಅವರಿಬ್ಬರೂ ವ್ಯಾನಿನ ದೀಪದ ಬೆಳಕಿನಲ್ಲಿ ಬಹಳ ಹೊತ್ತು ಕಾರಿನ ಮುಂದೆ ಬಗ್ಗಿ ಏನೋ ಬಿಚ್ಚಿ ಕಟ್ಟಿದರು. ಚಳಿಗಾಳಿ ಬೀಸುತ್ತಿತ್ತು. ಗ್ಲೆಂಡಾ ಕೈ ಉಜ್ಜಿಕೊಂಡು ಸೀಟಿನಲ್ಲಿ ಕೂತಳು. ಎಮ್ಲಿನ್ ತನ್ನ ಕುತ್ತಿಗೆಯ ಉಣ್ಣೆಯ ಮಫ್ಲರು ಬಿಚ್ಚಿ, ಬಗ್ಗಿ, ಅವಳ ಕುತ್ತಿಗೆಗೆ ಎರಡು ಸುತ್ತು ಸುತ್ತಿದ. ಅವಳು ಕತ್ತು ಮೇಲೆತ್ತಿ ಸುತ್ತಿಸಿಕೊಂಡಳು.

ನೆವಿಲ್‌ಗೆ ತಾನು ಅಡಗಿದ್ದೇನೆಂಬುದೇ ಮರೆತುಹೋಯಿತು. ಮುಂದಕ್ಕೆ ನಡೆದ. ಕಾಲ ಕೆಳಗೆ ಜೌಗು, ಒಂದು ಕಾಲು ಮಂಡಿಯವರೆಗೆ ಹೂತುಕೊಂಡಿತು. ಕಾಲು ಕೀಳಲು ತಿಣುಕಾಡುತ್ತಿದ್ದಾಗಲೇ ಗ್ಲೆಂಡಾ ಕಾರು ಹೊರಡಿಸಿ ಬ್ರೈಟ್ ಹಾಕಿದಳು.

ಆಟಿಕೆಯಂಥ ಆ ದೀಪಗಳು ಬಯಲಿನ ಮೇಲೆ ಬೆಳಕನ್ನು ಚಾಪೆಯ ಹಾಗೆ ಬಿಚ್ಚಿ ಹಾಸಿದವು. ಎಡದ ಗೂಟ, ಬಲದ ಗೂಟ, ಅದರಾಚೆ ಮಲಗಿದ್ದ ನಾಲ್ಕು ಕುರಿ, ಕುರಿಗಳ ಮಧ್ಯೆ ಒಂದು ಕಾಲು ಕೆಸರಿನಲ್ಲಿ ಹೂತ ನೆವಿಲ್ ಸೋವರ್ಬಿ. ಅವನ ಕೋಟಿನ ಗುಂಡಿಗಳೂ ಕಾಣುತ್ತಿದ್ದವು.

ಕಾರು ನಿಂತಿತು.

"ನೆವಿಲ್?"

ಕುರಿಯೊಂದು ಎದ್ದು ಮೈ ಕೊಡವಿತು.

"ಎಷ್ಟು ಹೊತ್ತಿಂದ ಇದ್ದೀಯ ಇಲ್ಲಿ?"

"ಈಗ ಬಂದೆ."

"ಮೀಸೆ ಮೇಲೆ ಇಬ್ಬನಿ ಕೂತಿದೆ ಕಣೋ." ಅವಳು ಕಾರಿನಿಂದ ಇಳಿದಳು. ದನಿ ಮೊದಲು ಮೆಲ್ಲಗೇ ಇತ್ತು. "ಬಾ ಅಂತ ಕರೆದಿದ್ನಲ್ಲ ನಿನ್ನ. ಮೂರು ವರ್ಷದಿಂದ ಕರೀತಾನೇ ಇದ್ದೀನಿ. ಕರೆದಾಗ ಬರಲ್ಲ. ಈಗ ಬಂದು ಕುರಿ ಜೊತೆ ನಿಂತಿದ್ದೀಯ."

"ಅವನು ನಿನಗೆ ಮಫ್ಲರು ಸುತ್ತಿದ."

"ಹೌದು. ಚಳಿ ಆಗ್ತಿತ್ತು, ಸುತ್ತಿದ. ನೀನು ಹದಿನೈದು ಹೆಜ್ಜೆ ಆಚೆ ನಿಂತು ನೋಡ್ತಿದ್ದೆ."

ಅವಳು ಮತ್ತೆ ಕಾರು ಹತ್ತಿ, ತಿರುಗಿಸಿಕೊಂಡು, ಒಬ್ಬಳೇ ಮನೆಯ ದಾರಿ ಹಿಡಿದಳು. ಮಫ್ಲರು ಅವಳ ಕುತ್ತಿಗೆಯಲ್ಲೇ ಇತ್ತು.

ಎಮ್ಲಿನ್ ಬಂದು, ಕೈ ಕೊಟ್ಟು, ನೆವಿಲ್‌ನ ಕಾಲನ್ನು ಜೌಗಿನಿಂದ ಎಳೆದ. ಬೂಟು ಒಳಗೇ ಉಳಿಯಿತು. ಅದನ್ನೂ ಕೈ ಹಾಕಿ ತೆಗೆದುಕೊಟ್ಟ. ಶುಭ್ರವಾದ ಆ ಉಗುರುಗಳ ತುಂಬ ಕೆಸರು.

ಗಣಿಗೆ ಹೋಗಿ ನೋಡಿದರೆ ನೆವಿಲ್‌ನ ಕಾರು ಸ್ಟಾರ್ಟ್ ಆಗಲಿಲ್ಲ. ರೇಡಿಯೋ, ಫ್ಯಾನು ಎರಡೂ ಓಡುತ್ತಲೇ ಇದ್ದು ಹಳೆಯ ಬ್ಯಾಟರಿ ಸತ್ತುಹೋಗಿತ್ತು. ಎಮ್ಲಿನ್ ತನ್ನ ವ್ಯಾನನ್ನು ಮುಂದಕ್ಕೆ ತಂದು ನಿಲ್ಲಿಸಿ ಕೇಬಲ್ ಎಳೆದ. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಬಹುದಿತ್ತು ಎನಿಸಿತು ನೆವಿಲ್‌ಗೆ.

"ಬ್ಯಾಟರಿ ಟರ್ಮಿನಲ್ ಎಲ್ಲ ಕಿಲುಬು ಕಟ್ಟಿದೆ ನೆವಿಲ್. ಒಂದಿನ ಉಜ್ಜಿಕೊಡ್ತೀನಿ," ಎಂದ ಎಮ್ಲಿನ್. ಆಮೇಲೆ ಕೇಬಲ್ಲಿನ ತುದಿ ಹಿಡಿದೇ ನಿಂತ. "ಒಂದು ಮಾತು ಹೇಳ್ತೀನಿ. ನಿಮ್ಮನೆಗೆ ಬರೋದು ನನಗೆ ಖುಷಿ. ಸುಳ್ಳು ಯಾಕೆ ಹೇಳ್ಲಿ, ಗ್ಲೆಂಡಾ ಇದ್ದಾಳೆ ಅಂತಲೇ ಖುಷಿ. ನಮ್ಮನೇಲಿ ಮಾತಾಡೋಕೆ ಗೋಡೆ ಬಿಟ್ರೆ ಯಾರೂ ಇಲ್ಲ. ಆದ್ರೆ ಅದರಾಚೆ ನಾನು ಒಂದು ಹೆಜ್ಜೆ ಇಟ್ಟಿಲ್ಲ, ಇಡೋದೂ ಇಲ್ಲ. ಬರಬೇಡ ಅಂತ ನೀನು ಹೇಳಿದ್ರೆ ನಾಳೆಯಿಂದ ಬರಲ್ಲ."

ಬರಬೇಡ ಎಂಬ ಮಾತು ನೆವಿಲ್‌ನ ನಾಲಿಗೆಯ ತುದಿಯಲ್ಲೇ ಇತ್ತು. ಎರಡು ವರ್ಷದಿಂದ ಇತ್ತು. ಹೇಳಿದರೆ ಶನಿವಾರ ಗ್ಯಾರೇಜಿನಲ್ಲಿ ಗ್ಲೆಂಡಾ ಒಬ್ಬಳೇ ಇರುತ್ತಾಳೆ, ನಗು ಕೇಳಿಸುವುದಿಲ್ಲ. ಅಷ್ಟರ ಮಟ್ಟಿಗೆ ಅವನು ಯೋಚಿಸಿದ.

"ಅವಳನ್ನ ಕೇಳಿ," ಎಂದ ಕೊನೆಗೆ. "ಕಾರು ಅವಳದ್ದು."

ಎಂಜಿನ್ ಸ್ಟಾರ್ಟ್ ಆಯಿತು.

ಮನೆಯಲ್ಲಿ ಗ್ಲೆಂಡಾ ಊಟ ಮುಗಿಸಿ, ಅವನದನ್ನು ಒಲೆಯ ಮೇಲೆ ಮುಚ್ಚಿಟ್ಟು, ಮೇಜಿನ ಮುಂದೆ ಕೂತಿದ್ದಳು. ನೆವಿಲ್ ಒಂದು ಬೂಟು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ.

"ಅವನಿಗೆ ನೀನು ಇಷ್ಟ."

"ಗೊತ್ತು."

"ನಿನಗೆ?"

"ನನಗೂ ಅವನು ಇಷ್ಟ. ನಾನು ಶುರು ಮಾಡಿದ ಮಾತನ್ನ ಮುಗಿಯೋವರೆಗೂ ಕೇಳ್ತಾನೆ. ಅದಕ್ಕಿಂತ ಹೆಚ್ಚೂ ಇಲ್ಲ, ಕಮ್ಮಿನೂ ಇಲ್ಲ." ಅವಳು ಮೇಜಿನ ಮೇಲಿನ ರೊಟ್ಟಿಯ ಚೂರುಗಳನ್ನು ಅಂಗೈಗೆ ಗುಡಿಸಿಕೊಂಡಳು. "ನಮ್ಮಪ್ಪನ ಗ್ಯಾರೇಜಲ್ಲಿ ನಾನು ಮೊದಲು ಕೇಳಿದ್ದು ಯಾರನ್ನ, ನೆವಿಲ್?"

ಅವನು ಬೂಟನ್ನು ಕೆಳಗಿಟ್ಟ. ತಟ್ಟೆ ತೆಗೆದುಕೊಂಡು ಎದುರಿಗೆ ಕೂತು ಉಂಡ. ಅರ್ಧ ಉಂಡ ಮೇಲೆ ಹೇಳಿದ: "ನಾನು ತಂದ ದೀಪ ಆ ರಸ್ತೆಗಲ್ಲ. ಮೂರನೇದೇ ಸರಿ."

"ಅದು ನನಗೂ ಕಾಣಿಸ್ತು," ಎಂದಳು ಗ್ಲೆಂಡಾ. ನಗು ಬಂದರೂ ತಡೆದುಕೊಂಡಳು.

ಮುಂದಿನ ಶನಿವಾರ ಎಮ್ಲಿನ್ ಎಂದಿನಂತೆ ಬಂದ. ಕಾಲು ಒರೆಸಿಕೊಂಡ. ನೆವಿಲ್ ಅರ್ಧ ಗಂಟೆ ಅಡುಗೆಮನೆಯಲ್ಲೇ ಸುತ್ತಾಡಿ, ಆಮೇಲೆ ಏಣಿಯ ನೆಪವಿಲ್ಲದೆ ಗ್ಯಾರೇಜಿಗೆ ಹೋದ. ಅವರಿಬ್ಬರೂ ದೀಪಗಳನ್ನು ಪಟ್ಟಿಗೆ ಬಿಗಿಯುತ್ತಿದ್ದರು.

"ಸ್ವಲ್ಪ ಕೆಳಗಿರಲಿ," ಎಂದ ನೆವಿಲ್. "ಗಣಿ ದಾಟಿದ್ರೆ ಮೂರು ದಿಬ್ಬ ಇದೆ. ಏರುವಾಗ ಬೆಳಕೆಲ್ಲ ಆಕಾಶಕ್ಕೆ ಹೋಗತ್ತೆ. ಎಡದ್ದನ್ನ ಇನ್ನೊಂಚೂರು ಎಡಕ್ಕೆ ತಿರುಗಿಸಿ. ಕುರಿಗಳು ಆ ಕಡೆನೇ ಮಲಗೋದು, ಗಾಳಿಗೆ ಮರೆ ಅಂತ."

ಇಬ್ಬರೂ ತಿರುಗಿ ನೋಡಿದರು. ಅವನು ನಿಲ್ಲಿಸಲಿಲ್ಲ. "ಇನ್ನೊಂದು. ಎದುರಿಂದ ನಾನು ಬಸ್ಸು ತಗೊಂಡು ಬರ್ತಿರ್ತೀನಿ ಅನ್ಕೋ. ಈ ದೀಪ ಕಣ್ಣಿಗೆ ಹೊಡೆದ್ರೆ ನನಗೆ ರಸ್ತೆನೇ ಇಲ್ಲ. ಡಿಪ್ ಮಾಡೋ ಸ್ವಿಚ್ಚನ್ನ ಅಷ್ಟು ಮೂಲೇಲಿ ಯಾಕೆ ಇಟ್ಟಿದ್ದೀರ? ಅವಳ ಕೈ ಸ್ಟೇರಿಂಗ್ ಬಿಟ್ಟು ಹೋಗಬೇಕಲ್ಲ ಅಲ್ಲಿಗೆ. ಹೆಬ್ಬೆರಳಿಗೆ ಸಿಗೋ ಹಾಗಿರಲಿ."

ಎಮ್ಲಿನ್ ಸೀಟಿಗೆ ಹೋಗಿ ಕೂತು ಕೈ ಚಾಚಿ ನೋಡಿದ. "ಹೌದಲ್ಲ ಮಾರಾಯಾ. ನಾನು ವೈರು ಎಲ್ಲಿಗೆ ಹತ್ತಿರ ಅಂತ ನೋಡ್ದೆ, ಕೈ ಎಲ್ಲಿರತ್ತೆ ಅಂತ ನೋಡ್ಲಿಲ್ಲ."

ಎಷ್ಟು ಸುಲಭವಾಗಿ ಒಪ್ಪಿಕೊಂಡ ಎಂದು ನೆವಿಲ್‌ಗೆ ಅಸೂಯೆಯಾಯಿತು. ಹೌದಲ್ಲ ಎಂಬ ಆ ಮಾತು ಇಷ್ಟು ವರ್ಷದಲ್ಲಿ ಒಂದು ಸಲವೂ ತನ್ನ ಬಾಯಿಂದ ಹೊರಟಿರಲಿಲ್ಲ. ಗ್ಲೆಂಡಾ ಅವನ ಕೈಗೆ ಒಂದು ಸ್ಪ್ಯಾನರು ಕೊಟ್ಟು, "ಇದನ್ನ ಹಿಡ್ಕೋ, ನಾನು ಆ ಕಡೆಯಿಂದ ತಿರುಗಿಸ್ತೀನಿ," ಎಂದಳು. ಹಿಡಿದುಕೊಂಡ.

ಓಟದ ದಿನ ಪಕ್ಕದ ಸೀಟು ಎಮ್ಲಿನ್‌ನದೇ ಆಯಿತು. "ಅವನಿಗೆ ಮಾತು ಕೊಟ್ಟಿದ್ದೀನಿ, ಹೆಸರೂ ಬರೆಸಿದ್ದೀನಿ," ಎಂದಳು ಗ್ಲೆಂಡಾ. "ಆದ್ರೆ ಅಲ್ಲಿಂದ ಅವನು ಮಗಳ ಮನೆಗೆ ಕ್ರಿಸ್‌ಮಸ್‌ಗೆ ಹೋಗ್ತಾನೆ. ವಾಪಸ್ ಬರ್ತಾ ಸೀಟು ಖಾಲಿ."

ಬಾ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳಿ ಹೇಳಿ ಸಾಕಾಗಿತ್ತೇನೋ.

ನೆವಿಲ್ ತನ್ನದೇ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡು ವಿಟ್‌ಬಿಗೆ ಹೊರಟ. ಡ್ರೈವರ್ ಜೆರಾಲ್ಡ್ ಹತ್ತು ವರ್ಷದಿಂದ ಅವನ ಜೊತೆಗಾರ. "ಏನೋ, ರಜೆ ದಿನಾನೂ ಬಸ್ಸು ಬಿಡಲ್ವಾ? ಹೆಂಡ್ತಿ ಓಡಿಸ್ಕೊಂಡು ಹೋಗ್ಬಿಟ್ಳಾ?" ಎಂದ. ನೆವಿಲ್ ಮುಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡಿದ.

ಎರಡನೆಯ ದಿಬ್ಬದ ಮೇಲೆ ಕಾರುಗಳ ಸಾಲು ಬಸ್ಸನ್ನು ದಾಟಿತು. ಕೆಂಪು, ಹಳದಿ, ಆಮೇಲೆ ಗ್ಲೆಂಡಾಳ ಹಸಿರು ಕಾರು. ಮೇಲಿನಿಂದ ಎರಡು ಉಣ್ಣೆಯ ಟೋಪಿಗಳು ಪಕ್ಕಪಕ್ಕದಲ್ಲಿ ಕಂಡವು. ಭುಜಗಳು ತಾಗಿಕೊಂಡಿದ್ದವು. ಎಮ್ಲಿನ್ ಏನೋ ಹೇಳಿದ, ಗ್ಲೆಂಡಾಳ ಟೋಪಿ ನಗುವಿಗೆ ಹಿಂದಕ್ಕೆ ವಾಲಿತು. ಕಾರು ಇಳಿಜಾರಿನಲ್ಲಿ ಮರೆಯಾಗುವವರೆಗೂ ನೆವಿಲ್ ನೋಡಿದ. ನೋವು ಹಳೆಯದೇ. ಮುಖ ತಿರುಗಿಸದೆ ನೋಡಿದ್ದು ಮಾತ್ರ ಹೊಸತು.

ವಿಟ್‌ಬಿಯ ಬಂದರಿನಲ್ಲಿ ಮೀನು ಹುರಿಯುವ ಅಂಗಡಿಯ ಮುಂದೆ ಸಂಘದವರೆಲ್ಲ ಸೇರಿದ್ದರು. ಗ್ಲೆಂಡಾಳ ಮುಖ ಗಾಳಿಗೆ ಕೆಂಪಾಗಿತ್ತು. ಕಾಗದದಲ್ಲಿ ಸುತ್ತಿದ ಮೀನು, ಆಲೂಗೆಡ್ಡೆಯನ್ನು ಮೂವರೂ ಗೋಡೆಯ ಮೇಲೆ ಕೂತು ತಿಂದರು. ಎಮ್ಲಿನ್‌ನ ಮಗಳು ಬಂದಾಗ ಅವನು ಕೈ ಒರೆಸಿಕೊಂಡು ಎದ್ದ.

"ಬ್ಯಾಟರಿ ಉಜ್ಜೋದು ಇನ್ನೂ ಬಾಕಿ ಇದೆ ನೆವಿಲ್. ಜನವರಿಗೆ ಬರ್ತೀನಿ," ಎಂದ.

"ಬಾ," ಎಂದ ನೆವಿಲ್. ನೀವು ಎನ್ನಲು ಮರೆತದ್ದು ಅವನಿಗೇ ತಡವಾಗಿ ಗೊತ್ತಾಯಿತು.

ಕಾರಿಗೆ ಹತ್ತುವುದು ಅವನಿಗೆ ಸುಲಭವಾಗಿರಲಿಲ್ಲ. ಹತ್ತಿ ಕೂತರೆ ಬೆಲ್ಟು ಎಮ್ಲಿನ್‌ನ ಅಳತೆಗೆ ಬಿಗಿದಿತ್ತು, ಎದೆಯನ್ನೂ ದಾಟುತ್ತಿರಲಿಲ್ಲ. ನೆವಿಲ್ ಒಂದೊಂದೇ ಇಂಚು ಸಡಿಲಿಸುತ್ತ ಬಹಳ ಹೊತ್ತು ತೆಗೆದುಕೊಂಡ. ಗ್ಲೆಂಡಾ ಎಂಜಿನ್ ಓಡಿಸುತ್ತಲೇ ಕಾದಳು.

ಪೇಟೆ ದಾಟಿ ಮೂರ್ ಬಯಲು ಹತ್ತುವ ಹೊತ್ತಿಗೆ ನಾಲ್ಕೂವರೆ. ಪಡುವಣದಲ್ಲಿ ಒಂದು ಎಳೆ ಬೆಳಕು ಉಳಿದಿತ್ತು.

"ಬರ್ತಾ ನೀವಿಬ್ಬರೂ ನಗ್ತಿದ್ರಲ್ಲ, ಏನದು?" ಎಂದು ಕೇಳಿಯೇಬಿಟ್ಟ ನೆವಿಲ್. ಗಾಳಿಗೆ ಕೂಗಿ ಕೇಳಬೇಕಾಯಿತು.

"ಏನೋ ಅವನ ಊರಿನ ಮೇಷ್ಟ್ರ ಕತೆ. ನಿನಗೆ ನಗು ಬರಲ್ಲ ಬಿಡು."

"ಹೇಳಿ ನೋಡು."

ಅವಳು ಹೇಳಿದಳು. ಅವನಿಗೆ ನಗು ಬರಲಿಲ್ಲ. ನಿಜವಾಗಿಯೂ ಅದೇ ಕತೆಯೇ ಎಂದು ಅರ್ಧ ನಂಬಿದ, ಅರ್ಧ ನಂಬಲಿಲ್ಲ. ಗ್ಲೆಂಡಾ ಹೆಬ್ಬೆರಳಿನಿಂದ ಸ್ವಿಚ್ಚು ಒತ್ತಿದಳು. ಬೆಳಕು ಎರಡೂ ಬದಿಗೆ ಹರಡಿಕೊಂಡಿತು. ಭುಜಕ್ಕೆ ಭುಜ ತಾಗಿತ್ತು, ಅವಳ ಮೈ ಬೆಚ್ಚಗಿತ್ತು.

"ಎಡಗಡೆ ಮೂರು," ಎಂದ ನೆವಿಲ್. "ಒಂದು ಎದ್ದೇಳ್ತಿದೆ. ನಿಧಾನ ಮಾಡು."

ಅವಳು ನಿಧಾನ ಮಾಡಿದಳು. ಕುರಿ ರಸ್ತೆ ದಾಟುವವರೆಗೂ ಇಬ್ಬರೂ ಕಾದರು.